‘ಪರದೇಶಿ’ ಎಂಬ ಮಾತು: ಹಂಬಲ ಮತ್ತು ನೆಲೆಗಳ ವಿಚಾರ

1

ವಡಪಳನಿ ಎಂಬ ಹೆಸರಿನಲ್ಲಿಯೇ ಒಂದು ವಲಸೆಯ ವೃತ್ತಾಂತ ಅಡಗಿದೆ. ವಡಪಳನಿಯೆಂದರೆ ಬಡಗಣ ಪಳನಿ. ದಕ್ಷಿಣದ ಪಳನಿಬೆಟ್ಟದ ಮುರುಗನಿಗೆ ಚೆನ್ನೈ ನಗರದ ಪಡುವಣ ಭಾಗದಲ್ಲಿ ದೊರೆತ ಎರಡನೆಯ ನೆಲೆ. ದೇವರ ಹಿಂದೆ ಜನವೂ ಬಂದಿತು. 1948ರಲ್ಲಿ ಎ.ವಿ.ಎಂ. ಚಿತ್ರಶಾಲೆ ಕಾರೈಕುಡಿಯಿಂದ ಈ ಪ್ರದೇಶಕ್ಕೆ ಸಾಗಿ ಬಂದಿತು; ವಿಜಯಾ-ವಾಹಿನಿ ಚಿತ್ರಶಾಲೆಗಳು ಇಲ್ಲಿಯೇ ಬೆಳೆದುವು. 1954ರ ‘ಬೇಡರ ಕಣ್ಣಪ್ಪ’ದ ಕಾಲದಿಂದ ಕನ್ನಡ ಚಿತ್ರೋದ್ಯಮವು ಬೆಂಗಳೂರಿಗೆ ನೆಲೆ ಬದಲಿಸುವವರೆಗೆ ನಟರು, ಗಾಯಕರು, ತಂತ್ರಜ್ಞರು, ಬರಹಗಾರರು ಎಂದು ಕನ್ನಡಿಗರ ಒಂದು ಸಮೂಹವೇ ಈ ಬೀದಿಗಳಲ್ಲಿ ಮನೆಮಾಡಿತ್ತು. ಬ್ಯಾಂಕು, ರೈಲ್ವೆ, ವಿಮಾ ಕಚೇರಿಗಳ ವರ್ಗಾವಣೆಯಿಂದ ಬಂದವರೂ ಹೋಟೆಲು ನಡೆಸಲು ಉಡುಪಿಯ ಕಡೆಯಿಂದ ಬಂದವರೂ ಅವರೊಡನೆ ಸೇರಿಕೊಂಡರು.

ಇದೇ ಆರ್ಕಾಟು ರಸ್ತೆಯನ್ನು ಹಿಡಿದು ಇನ್ನೂ ಪಡುವಣಕ್ಕೆ ಹೋದರೆ ವಿರುಗಂಬಾಕ್ಕಂ, ವಳಸರವಾಕ್ಕಂ, ಪೋರೂರುಗಳು ಸಿಕ್ಕುತ್ತವೆ. 1983ರ ಜುಲೈ ತಿಂಗಳ ಹತ್ಯಾಕಾಂಡದ ತರುವಾಯ ಲಂಕೆಯಿಂದ ಬಂದ ತಮಿಳರಲ್ಲಿ, ಸರಕಾರದ ಶಿಬಿರಗಳಿಗೆ ಹೋಗದೆ ಬಾಡಿಗೆಯ ಮನೆಗಳಲ್ಲಿ ನೆಲಸಿದ ಹಲವರು ಈ ಬಡಾವಣೆಗಳನ್ನು ಆರಿಸಿಕೊಂಡರು. ಹೀಗೆ ಒಂದೇ ರಸ್ತೆಯ ಆಚೀಚೆಗೆ ಎರಡು ಬಗೆಯ ವಲಸೆಗಾರರು ನೆರೆಹೊರೆಯಾದರು. ಕನ್ನಡಿಗನ ಮಾತು ಬೇರೆ, ಅಡಿಗೆ ಬೇರೆ. ಆದರೆ ಮನೆ ಹಿಡಿಯುವಾಗ ಅವನು ಯಾವ ದೇಶದವನೆಂದು ಯಾರೂ ಕೇಳುವುದಿಲ್ಲ. ಲಂಕೆಯವನ ಮಾತು ಈ ನಗರದ ಮಾತೇ. ಅವನು ಕೈಮುಗಿಯುವ ಮುರುಗನೂ ಈ ನಗರದ ಮುರುಗನೇ. ಆದರೂ ಅವನು ಪೊಲೀಸು ಠಾಣೆಯಲ್ಲಿ ಹೆಸರು ಬರೆಯಿಸಬೇಕು. ಬಾಂಧವ್ಯವನ್ನು ನಿರ್ಣಯಿಸುವುದು ಭಾಷೆ, ದೈವ, ರೂಢಿಗಳೆಂದು ನಂಬಿದ ಸಾಹಿತ್ಯವಿಚಾರಕ್ಕೆ ಈ ನೆರೆಹೊರೆಯೇ ಒಂದು ಪ್ರಶ್ನೆಯಾಗಿದೆ.

2

‘ಪರದೇಶಿ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಬೇರೆ ನಾಡಿನವನು ಎಂಬುದು ಒಂದು. ದಿಕ್ಕಿಲ್ಲದವನು, ಅನಾಥ ಎಂಬುದು ಇನ್ನೊಂದು. ತಾಯಿತಂದೆಯರಿಲ್ಲದ ಮಗುವನ್ನು ಹಳ್ಳಿಯ ಜನ ಪರದೇಶಿ ಮಗುವೆನ್ನುತ್ತಾರೆ. ಅದು ಹುಟ್ಟಿದ ಊರನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಟ್ಟಿರಲಾರದು. ನಾಡು ಬಿಟ್ಟವನಿಗೂ ಕೇಳುವವರಿಲ್ಲದವನಿಗೂ ಒಂದೇ ಹೆಸರನ್ನು ಕೊಟ್ಟ ಜನರ ಅನುಭವದಲ್ಲಿ ಆ ಎರಡು ಸ್ಥಿತಿಗಳೂ ಒಂದೇ ಆಗಿದ್ದಿರಬೇಕು. ತಮಿಳಿನಲ್ಲಿ ಲಂಕೆಯಿಂದ ಬಂದವರಿಗೆ ಸಲ್ಲುವ ‘ಅಗದಿ’ ಎಂಬ ಮಾತೂ ಇಂಥದೇ: ಅಗತಿ, ಗತಿಯಿಲ್ಲದವನು.

ಹೊರನಾಡಿನ ಕನ್ನಡ ಸಭೆಗಳಲ್ಲಿ ಈ ಮಾತನ್ನು ಎಗ್ಗಿಲ್ಲದೆ ಬಳಸುವುದುಂಟು. ರಾಜ್ಯೋತ್ಸವದ ಭಾಷಣಗಳಲ್ಲಿ ಚೆನ್ನೈಯ ಕನ್ನಡಿಗನು ಪರದೇಶಿಯಾಗುತ್ತಾನೆ. ಅವನ ಕೊರಗಿಗೆ ಪಂಪನ ಬನವಾಸಿಯ ಹಂಬಲವು ಸಾಕ್ಷಿಯಾಗಿ ಬರುತ್ತದೆ. ಪಂಪನು ಹೊರನಾಡ ಕನ್ನಡಿಗರ ಮೊದಲ ಕವಿಯೆಂಬಷ್ಟು ದೂರಕ್ಕೆ ಈ ವಾದ ಹೋಗುವುದುಂಟು. ಆದರೆ ಪಂಪನ ಸ್ಥಿತಿಯನ್ನು ಸ್ವಲ್ಪ ನಿಧಾನಿಸಿ ನೋಡಬೇಕು. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿದ ಕವಿ ಅರಿಕೇಸರಿಯ ಆಸ್ಥಾನದಲ್ಲಿ ಮನ್ನಣೆಯುಳ್ಳವನಾಗಿದ್ದನು, ಧರ್ಮಪುರವೆಂಬ ಅಗ್ರಹಾರವು ಅವನಿಗೆ ದತ್ತಿಯಾಗಿ ದೊರೆತಿತ್ತು. ಅವನಿಗೆ ಬನವಾಸಿಯ ಹಂಬಲವಿದ್ದಿತು. ವೇಮುಲವಾಡದ ಸೀಮೆಯಲ್ಲಿ ನೆಲೆಯೂ ಇದ್ದಿತು. ನೆಲೆಯುಳ್ಳವನಿಗೆ ಹಂಬಲವು ಕಾವ್ಯದ ವಸ್ತುವಾಗುತ್ತದೆ. ನೆಲೆಯೇ ಇಲ್ಲದವನ ಹಂಬಲವು ಮಾವಿನ ಮರಕ್ಕಾಗಿಯೋ ಮಲ್ಲಿಗೆಗಾಗಿಯೋ ಇರುವುದಿಲ್ಲ. ಒಂದು ಕಾಗದಕ್ಕಾಗಿ ಇರುತ್ತದೆ. ಪಂಪನ ಹಂಬಲವನ್ನೇ ಎಲ್ಲ ವಲಸೆಗೂ ಅಳತೆಗೋಲಾಗಿ ಹಿಡಿದ ವಿಮರ್ಶೆಗೆ ಈ ಎರಡನೆಯ ಹಂಬಲವು ಕಾಣಿಸುವುದೇ ಇಲ್ಲ. ಲಂಕೆಯ ತೋಟದ ಕೂಲಿಗಾರರ ಚರಿತ್ರೆಯು ಈ ಕೊರತೆಯನ್ನು ಬಹಳ ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

3

ಲಂಕೆಯ ಗುಡ್ಡಗಾಡಿಗೆ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಿಂದ ಕಾಫಿಯ ತೋಟಗಳಿಗಾಗಿಯೂ, 1869ರಲ್ಲಿ ಕಾಣಿಸಿಕೊಂಡ ಎಲೆರೋಗವು ಕಾಫಿಯನ್ನು ನಾಶಮಾಡಿದ ಮೇಲೆ ಚಹಾದ ತೋಟಗಳಿಗಾಗಿಯೂ ತಮಿಳು ಕೂಲಿಗಾರರನ್ನು ಸಾಗಿಸಲಾಯಿತು. ತಿರುಚಿರಾಪಳ್ಳಿ, ಮಧುರೆ, ರಾಮನಾಥಪುರ, ಸೇಲಂ, ಪುದುಕ್ಕೋಟೆಗಳ ಬಡವರು ಕಂಗಾಣಿಗಳ ಹಿಂದೆ ಹೋಗಿ ಲೈನುಮನೆಗಳಲ್ಲಿ ಸಂಸಾರ ಹೂಡಿದರು. ಕೊಡಗು ಚಿಕ್ಕಮಗಳೂರುಗಳ ತೋಟಗಳನ್ನು ಕಂಡವರಿಗೆ ಲೈನುಮನೆಯೆಂದರೇನೆಂದು ವಿವರಿಸಬೇಕಾಗಿಲ್ಲ. 1947ರ ಚುನಾವಣೆಯಲ್ಲಿ ಈ ಜನ ಮತ ನೀಡಿದರು. ಅವರ ಪಕ್ಷವಾದ ಸಿಲೋನ್ ಇಂಡಿಯನ್ ಕಾಂಗ್ರೆಸ್ಸು ಏಳು ಸ್ಥಾನಗಳನ್ನು ಗೆದ್ದಿತು. 1948ರ ಫೆಬ್ರವರಿ 4ರಂದು ದ್ವೀಪವು ಸ್ವತಂತ್ರವಾಯಿತು. ಅದೇ ವರ್ಷದ 18ನೆಯ ಸಂಖ್ಯೆಯ ಪೌರತ್ವದ ಕಾಯಿದೆಯು ನವೆಂಬರ್ 15ರಂದು ಜಾರಿಗೆ ಬಂದಿತು.

ಈ ಕಾಯಿದೆಯನ್ನು ಒಂದು ಗದ್ಯಕೃತಿಯೆಂದು ಭಾವಿಸಿ ಓದಿದರೆ ಅದರ ಕೌಶಲ ತಿಳಿಯುತ್ತದೆ. ಅದು ಯಾವ ಜನಾಂಗವನ್ನೂ ಹೊರಗಟ್ಟುವುದಾಗಿ ಹೇಳುವುದಿಲ್ಲ. ಲಂಕೆಯಲ್ಲಿ ಹುಟ್ಟಿದವನು ತನ್ನ ತಂದೆಯೂ ಲಂಕೆಯಲ್ಲಿ ಹುಟ್ಟಿದವನೆಂದಾಗಲಿ, ತಂದೆಯ ತಂದೆಯೂ ಅವನ ತಂದೆಯೂ ಅಲ್ಲಿಯೇ ಹುಟ್ಟಿದವರೆಂದಾಗಲಿ ತೋರಿಸಿಕೊಟ್ಟರೆ ಅವನು ಪೌರನು, ನಿಯಮ ಇಷ್ಟೇ. ಲೈನುಮನೆಯಲ್ಲಿ ಹುಟ್ಟಿದ ಅಜ್ಜನಿಗೆ ಜನನಪತ್ರ ಎಲ್ಲಿಂದ ಬರಬೇಕು? ದ್ವೇಷದ ಒಂದು ಮಾತೂ ಇಲ್ಲದ ಬರವಣಿಗೆಯು ಪುರಾವೆಯ ಭಾರವನ್ನು ಬಡವನ ತಲೆಯ ಮೇಲೆ ಹೊರಿಸಿ, ದ್ವೇಷ ಮಾಡಬಹುದಾದ ಕೆಲಸವನ್ನು ತಾನೇ ಮಾಡಿ ಮುಗಿಸಿತು. 1949ರಲ್ಲಿ ಬಂದ ಭಾರತೀಯ ಮತ್ತು ಪಾಕಿಸ್ತಾನಿ ನಿವಾಸಿಗಳ ಕಾಯಿದೆಯು ನೋಂದಣಿಯ ದಾರಿಯೊಂದನ್ನು ತೆರೆಯಿತು. ವಿವಾಹಿತರಿಗೆ ಏಳು ವರ್ಷ, ಅವಿವಾಹಿತರಿಗೆ ಹತ್ತು ವರ್ಷ ಎಡೆಬಿಡದ ವಾಸದ ಪುರಾವೆಯನ್ನು ಬೇಡಿತು. ಎಂಟು ಲಕ್ಷಕ್ಕೂ ಮಿಕ್ಕ ಜನರ ಪರವಾಗಿ ಅರ್ಜಿಗಳು ಬಂದುವು. ಪೌರತ್ವ ದೊರೆತುದು ಸುಮಾರು 1,34,000 ಜನರಿಗೆ. ಅದೇ ವರ್ಷದ ಚುನಾವಣಾ ತಿದ್ದುಪಡಿಯಿಂದ ಪೌರರಲ್ಲದವರ ಮತಾಧಿಕಾರವೂ ಹೋಯಿತು.

ಸಿಂಹಳ ಪಕ್ಷದ ಮಾತಿನಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಂಡಿ ಸೀಮೆಯ ರೈತನು ತನ್ನ ಬೆಟ್ಟಗಳು ಬಿಳಿಯರ ತೋಟಗಳಾದುದನ್ನು ಕಂಡಿದ್ದನು. ಆ ತೋಟಗಳಿಗೆ ಬಂದ ಹೊರಗಿನವರ ಮತದಿಂದ ತನ್ನ ಪ್ರಾತಿನಿಧ್ಯವೂ ಹೋದೀತೆಂಬ ಅಂಜಿಕೆ ಅವನಿಗಿದ್ದಿತು. ಆದರೆ ಬೆಟ್ಟವನ್ನು ಕಿತ್ತುಕೊಂಡವನು ಕೂಲಿಗಾರನಲ್ಲ. ಕಿತ್ತುಕೊಂಡವನು ಮರಳಿ ತನ್ನ ದೇಶಕ್ಕೆ ಹೋಗಲು ಸಮರ್ಥನಾಗಿದ್ದನು. ಕೂಲಿಗಾರನಿಗೆ ಹೋಗಲು ದೇಶವಿರಲಿಲ್ಲ.

4

1964ರ ಅಕ್ಟೋಬರ್ 30ರಂದು ಪ್ರಧಾನಮಂತ್ರಿಗಳಾದ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಇವರು ಪತ್ರಗಳ ವಿನಿಮಯದ ಮೂಲಕ ಒಂದು ಒಪ್ಪಂದಕ್ಕೆ ಬಂದರು. ಯಾವ ದೇಶದ ಪೌರರೂ ಅಲ್ಲದವರೆಲ್ಲರೂ ಭಾರತದ ಇಲ್ಲವೆ ಲಂಕೆಯ ಪೌರರಾಗಬೇಕೆಂಬುದು ಅದರ ಉದ್ದೇಶ. ಉದ್ದೇಶವು ಶ್ಲಾಘ್ಯವಾದುದು, ನಾಡಿಲ್ಲದ ಸ್ಥಿತಿಯು ಮುಂದುವರಿಯಕೂಡದೆಂದು ಎರಡು ಸರಕಾರಗಳು ಬರೆದುಕೊಟ್ಟುದು ಸಣ್ಣ ಸಂಗತಿಯಲ್ಲ. ದೋಷವಿರುವುದು ಅದರ ಬರವಣಿಗೆಯ ರೀತಿಯಲ್ಲಿ.

ಆ ಪತ್ರಗಳು ಒಂದು ಲೆಕ್ಕದ ಪುಸ್ತಕದ ಹಾಳೆಯನ್ನು ಹೋಲುತ್ತವೆ. ಒಟ್ಟು ಜನ 9,75,000. ಭಾರತದ ಕಡೆಗೆ 5,25,000. ಲಂಕೆಯ ಕಡೆಗೆ 3,00,000. ಉಳಿದ 1,50,000 ಜನರ ವಿಷಯವನ್ನು ಮುಂದೆ ನೋಡಿಕೊಳ್ಳುವುದು. ವ್ಯಾಪಾರದಲ್ಲಿ ಯಾರ ಹೆಸರಿಗೆ ಬರೆಯಬೇಕೆಂದು ತಿಳಿಯದ ಹಣವನ್ನು ಅನಾಮತು ಖಾತೆಯಲ್ಲಿ ಇಡುವ ರೂಢಿಯಿದೆ. ಇಲ್ಲಿ ಒಂದೂವರೆ ಲಕ್ಷ ಮನುಷ್ಯರು ಹತ್ತು ವರ್ಷ ಅನಾಮತಿನಲ್ಲಿದ್ದರು. 1974ರಲ್ಲಿ ಇಂದಿರಾ ಗಾಂಧಿಯವರೂ ಸಿರಿಮಾವೋ ಅವರೂ ಅವರನ್ನು 75,000ದಂತೆ ಸಮಭಾಗ ಮಾಡಿ ಲೆಕ್ಕವನ್ನು ಮುಗಿಸಿದರು. ಹದಿನೈದು ವರ್ಷಗಳಲ್ಲಿ, ಲಂಕೆಯಲ್ಲಿ ನಾಲ್ವರಿಗೆ ಪೌರತ್ವ ಕೊಟ್ಟಂತೆಲ್ಲ ಭಾರತಕ್ಕೆ ಏಳು ಜನ ಬರಬೇಕು. ಹೊರಡುವ ಕುಟುಂಬವು ಒಯ್ಯಬಹುದಾದ ಆಸ್ತಿಯ ಮಿತಿಯನ್ನು 4,000 ರೂಪಾಯಿಗಿಂತ ಕೆಳಗೆ ಇಳಿಸಕೂಡದೆಂಬ ವಿವರವೂ ಅಲ್ಲಿದೆ. ರೂಪಾಯಿಯ ವಿಷಯದಲ್ಲಿ ಇಷ್ಟು ಎಚ್ಚರವಹಿಸಿದ ಪತ್ರಗಳು, ಯಾರ ವಿಷಯವಾಗಿ ಬರೆಯಲ್ಪಟ್ಟುವೋ ಆ ಜನರ ಪ್ರತಿನಿಧಿಗಳ ಒಪ್ಪಿಗೆಯಿಲ್ಲದೆಯೇ ಸಹಿಯಾದುವು. ಮೊದಲು ಸಂಖ್ಯೆ ನಿರ್ಧಾರವಾಗಿ, ಆಮೇಲೆ ಆ ಸಂಖ್ಯೆಗೆ ಮನುಷ್ಯರನ್ನು ಹುಡುಕಬೇಕಾಯಿತು. ಲೆಕ್ಕ ಸರಿಹೊಂದುವುದೂ ನ್ಯಾಯ ಸಲ್ಲುವುದೂ ಒಂದೇ ಅಲ್ಲ.

5

ಒಪ್ಪಂದವಾದ ಎರಡು ತಿಂಗಳೊಳಗೆ, 1964ರ ಡಿಸೆಂಬರಿನ ಚಂಡಮಾರುತದಲ್ಲಿ, ಲಂಕೆಯ ಹಡಗುಗಳು ಬಂದು ನಿಲ್ಲುತ್ತಿದ್ದ ಧನುಷ್ಕೋಟಿಯು ಕಡಲಿನ ಪಾಲಾಯಿತು. ಅಜ್ಜಂದಿರು ಹೋಗಿದ್ದ ದಾರಿಯೇ ಅಳಿಸಿಹೋಗಿ, ಮೊಮ್ಮಕ್ಕಳು ರಾಮೇಶ್ವರದಲ್ಲಿ ಇಳಿಯಬೇಕಾಯಿತು. ಮುಂದಿನ ಎರಡು ದಶಕಗಳಲ್ಲಿ ಹೀಗೆ ಬಂದವರು ನಾಲ್ಕು ಲಕ್ಷಕ್ಕೂ ಹೆಚ್ಚು. ತಮಿಳಿನಲ್ಲಿ ಇವರನ್ನು ‘ತಾಯಕಂ ತಿರುಂಬಿಯೋರ್’ ಎಂದು ಕರೆದರು. ತಾಯ್ನಾಡಿಗೆ ಮರಳಿದವರು ಎಂದರ್ಥ. ಕಂಡಿಯ ಬೆಟ್ಟದಲ್ಲಿ ಹುಟ್ಟಿ, ಎಂದೂ ಕಡಲು ದಾಟದವನು ತಾನು ಕಾಣದ ಊರಿಗೆ ಮರಳುವುದು ಹೇಗೆ? ಲಂಕೆಯಲ್ಲಿ ಅವರ ಹೆಸರು ಇಂಡಿಯಾದ ತಮಿಳರು. ನೀಲಗಿರಿಯಲ್ಲಿ ಅವರ ಹೆಸರು ಸಿಲೋನಿನವರು. ಎರಡು ಹೆಸರುಗಳೂ ಹೇಳುವುದು ಒಂದೇ ಮಾತನ್ನು: ಇವರು ಇಲ್ಲಿಯವರಲ್ಲ.

ಮರುವಸತಿಯ ಯೋಜನೆಯಲ್ಲಿಯೂ ಇದೇ ಎಡವಟ್ಟು ಕಾಣುತ್ತದೆ. ಚಹಾದ ಚಿಗುರು ಕೊಯ್ಯುವುದನ್ನಲ್ಲದೆ ಬೇರೆ ಕಸಬನ್ನು ಅರಿಯದ ಎಷ್ಟೋ ಕುಟುಂಬಗಳಿಗೆ ವ್ಯಾಪಾರ ಸಾಲವನ್ನು ಕೊಟ್ಟು ಅಂಗಡಿ ಹೂಡಲು ಹೇಳಲಾಯಿತು. ಸಾಲವು ಕರಗಿತು, ಅಂಗಡಿ ಮುಚ್ಚಿತು. ತೋಟದ ಕೆಲಸ ದೊರೆತವರ ಪಾಡು ಸ್ವಲ್ಪ ಮೇಲು. ನೀಲಗಿರಿಯಲ್ಲಿ ತಮಿಳುನಾಡು ಸರಕಾರದ ಚಹಾ ತೋಟಗಳೂ ಕೇರಳದ ಪುನಲೂರಿನ ಬಳಿ ರಬ್ಬರು ತೋಟಗಳೂ ಇವರಿಗಾಗಿ ಬೆಳೆದುವು. ಕರ್ನಾಟಕದಲ್ಲಿ, 1971ರಲ್ಲಿ ಸ್ಥಾಪಿತವಾದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ, ದಕ್ಷಿಣ ಕನ್ನಡದ ಸುಳ್ಯ ಪುತ್ತೂರುಗಳ ಕಾಡಿನಂಚಿನಲ್ಲಿ, ಇವರು ನೆಲಸಿದರು.

ಆದುದರಿಂದ ಈ ಕಥೆ ಕನ್ನಡಕ್ಕೆ ಹೊರಗಿನದಲ್ಲ. ಸುಳ್ಯದ ರಬ್ಬರು ತೋಟದಲ್ಲಿ ಹುಟ್ಟಿದ ಮಗು ಮನೆಯಲ್ಲಿ ತಮಿಳನ್ನೂ ಸಂತೆಯಲ್ಲಿ ತುಳುವನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡಿತು. ಇವರು ಒಪ್ಪಂದದ ಪ್ರಕಾರ ಬಂದ ಭಾರತದ ಪೌರರು. ಆದರೂ ಜಾತಿ ಪ್ರಮಾಣಪತ್ರದ ಪ್ರಶ್ನೆ ಅವರನ್ನು ಬಹುಕಾಲ ಕಾಡಿತು. ಒಂದು ರಾಜ್ಯದಲ್ಲಿ ಪರಿಶಿಷ್ಟನಾದವನು ಇನ್ನೊಂದಕ್ಕೆ ವಲಸೆ ಹೋದರೆ ಆ ಸ್ಥಾನ ಅವನ ಹಿಂದೆ ಹೋಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ತೀರ್ಮಾನಿಸಿದೆ. ಆದರೆ ಈ ಜನ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವರಲ್ಲ. ಎರಡು ದೇಶಗಳು ಕೂಡಿ ಸಾಗಿಸಿದವರು. ಅಜ್ಜನ ಊರು ಯಾವುದೆಂಬ 1948ರ ಪ್ರಶ್ನೆ ಕಡಲನ್ನು ದಾಟಿ ಸುಳ್ಯದ ತಾಲ್ಲೂಕು ಕಚೇರಿಯ ಮೇಜಿನ ಮೇಲೂ ಬಂದು ಕುಳಿತಿತು. ಕನ್ನಡ ನಾಡೇ ಆಶ್ರಯ ಕೊಟ್ಟ ಈ ಜನರ ಕಡೆಗೆ ಕನ್ನಡ ವಿಮರ್ಶೆ ತಿರುಗಿ ನೋಡಿದುದು ಬಹಳ ಕಡಿಮೆಯೆಂದೇ ಹೇಳಬೇಕು.

6

1983ರ ತರುವಾಯ ದೋಣಿಗಳಲ್ಲಿ ಬಂದವರ ಕಥೆ ಇನ್ನೂ ತೊಡಕಿನದು. ಮೂರು ಲಕ್ಷಕ್ಕೂ ಮಿಕ್ಕಿ ಬಂದವರಲ್ಲಿ ಅನೇಕರು ಹಿಂದಿರುಗಿದರು, ಇಲ್ಲವೆ ಬೇರೆ ದೇಶಗಳಿಗೆ ಹೋದರು. 2021ರ ಸುಮಾರಿನ ಲೆಕ್ಕದಂತೆ ತಮಿಳುನಾಡಿನ ಶಿಬಿರಗಳಲ್ಲಿ ಸುಮಾರು 58,000 ಜನ, ಶಿಬಿರಗಳ ಹೊರಗೆ ಸುಮಾರು 34,000 ಜನ ಉಳಿದಿದ್ದರು. ಇವರಲ್ಲಿ ಉತ್ತರ ಲಂಕೆಯವರಲ್ಲದೆ ತೋಟದ ಕೂಲಿಗಾರರ ಸಂತತಿಯೂ ಉಂಟು. ಒಂದೇ ಲೈನುಮನೆಯ ಇಬ್ಬರು ಸೋದರರಲ್ಲಿ ಒಪ್ಪಂದದ ಹಡಗಿನಲ್ಲಿ ಬಂದವನು ಪೌರ. ಗಲಭೆಯ ದೋಣಿಯಲ್ಲಿ ಬಂದವನು ವಿದೇಶೀಯ.

ವಿದೇಶೀಯ ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಗಮನಿಸಬೇಕು. ಭಾರತವು ನಿರಾಶ್ರಿತರನ್ನು ಕುರಿತ 1951ರ ಅಂತಾರಾಷ್ಟ್ರೀಯ ಒಡಂಬಡಿಕೆಗಾಗಲಿ ನಾಡಿಲ್ಲದವರನ್ನು ಕುರಿತ 1954ರ ಒಡಂಬಡಿಕೆಗಾಗಲಿ ಸೇರಿಲ್ಲ. 1946ರ ವಿದೇಶೀಯರ ಕಾಯಿದೆಯ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯಿದೆ ಬಂದರೂ ಪೌರ, ವಿದೇಶೀಯ ಎಂಬ ಎರಡೇ ಮನೆಗಳು ಉಳಿದುವು. 2015ರ ಜನವರಿ 9ರೊಳಗೆ ಬಂದು ಹೆಸರು ಬರೆಯಿಸಿದ ಲಂಕೆಯ ತಮಿಳರಿಗೆ, ಪ್ರವೇಶಪತ್ರವಿಲ್ಲದೆ ಬಂದುದಕ್ಕಾಗಿ ಶಿಕ್ಷೆಯಾಗದಂತೆ 2025ರ ಸೆಪ್ಟೆಂಬರಿನಲ್ಲಿ ವಿನಾಯಿತಿ ದೊರೆಯಿತು. ಇದು ದಂಡನೆಯಿಂದ ಬಿಡುಗಡೆ, ಹಕ್ಕಿನ ಪ್ರದಾನವಲ್ಲ. 2019ರ ಪೌರತ್ವ ತಿದ್ದುಪಡಿಯು ಮೂರು ನೆರೆದೇಶಗಳನ್ನು ಹೆಸರಿಸಿತು. ಆ ಮೂರರಲ್ಲಿ ಲಂಕೆಯಿಲ್ಲ. ಸಂವಿಧಾನದಲ್ಲಿಯೂ ಇಂಥ ಪದಭೇದವಿದೆ. ಜೀವರಕ್ಷೆಯ 21ನೆಯ ವಿಧಿಯಲ್ಲಿರುವ ಶಬ್ದ ‘ವ್ಯಕ್ತಿ’. ಎಲ್ಲಿಯಾದರೂ ನೆಲಸುವ ಸ್ವಾತಂತ್ರ್ಯವನ್ನು ಕೊಡುವ 19ನೆಯ ವಿಧಿಯಲ್ಲಿರುವ ಶಬ್ದ ‘ಪೌರ’. ಬದುಕಲು ವ್ಯಕ್ತಿಯಾಗಿದ್ದರೆ ಸಾಕು, ನೆಲಸಲು ಪೌರನಾಗಿರಬೇಕು. ವಡಪಳನಿಯ ಕನ್ನಡಿಗನಿಗೂ ಅವನ ನೆರೆಯ ಲಂಕೆಯವನಿಗೂ ಇರುವ ಅಂತರವು ಈ ಎರಡು ಶಬ್ದಗಳ ಅಂತರವೇ ಆಗಿದೆ.

ಶಬ್ದಗಳನ್ನು ಮತ್ತೆ ಓದಿ ನೋಡಿದುದರಿಂದ ಒಳಿತಾದ ಉದಾಹರಣೆಗಳೂ ಇವೆ. ಮದರಾಸು ಉಚ್ಚ ನ್ಯಾಯಾಲಯದ ಮಧುರೆಯ ಪೀಠದಲ್ಲಿ ನ್ಯಾಯಮೂರ್ತಿ ಜಿ. ಆರ್. ಸ್ವಾಮಿನಾಥನ್ ಅವರು 2019ರ ಜೂನ್ ತಿಂಗಳಲ್ಲಿ, ತೋಟದ ಕೂಲಿಗಾರರ ಸಂತತಿಯ ಪೌರತ್ವದ ಅರ್ಜಿಗಳನ್ನು ಅಕ್ರಮ ವಲಸೆಯೆಂಬ ಮಾತಿಗೆ ಕಟ್ಟುಬೀಳದೆ ಪರಿಶೀಲಿಸಬೇಕೆಂದು ಹೇಳಿದರು. 1986ರಲ್ಲಿ ಮಂಡಪಂ ಶಿಬಿರದಲ್ಲಿ ಹುಟ್ಟಿದ ಮಹಿಳೆಯೊಬ್ಬರ ವಿಷಯದಲ್ಲಿ, 1987ರ ಜುಲೈಗೆ ಮೊದಲು ಈ ನೆಲದಲ್ಲಿ ಹುಟ್ಟಿದವರು ಜನ್ಮದಿಂದಲೇ ಪೌರರೆಂಬ ನಿಯಮವನ್ನು 2022ರಲ್ಲಿ ಎತ್ತಿಹಿಡಿಯಲಾಯಿತು. ಆಕೆ 2024ರ ಲೋಕಸಭಾ ಚುನಾವಣೆಯಲ್ಲಿ ಮತ ಹಾಕಿದರು. ಮೂವತ್ತೆಂಟು ವರ್ಷ ವಿದೇಶೀಯಳೆಂದು ಬಾಳಿದವಳು ಮೊದಲಿನಿಂದಲೂ ಪೌರಳಾಗಿದ್ದಳು. ಹಾಗೆಂದು ಓದುವವರು ಮಾತ್ರ ಇರಲಿಲ್ಲ. ತಮಿಳುನಾಡು ಸರಕಾರವು 2021ರಲ್ಲಿ ಶಿಬಿರಗಳ ಹೆಸರಿನಿಂದ ‘ಅಗದಿ’ ಎಂಬ ಮಾತನ್ನು ತೆಗೆದು ‘ಮರುವಾಳ್ವು’, ಎಂದರೆ ಮರುಬಾಳು, ಎಂಬ ಮಾತನ್ನು ಇಟ್ಟಿತು. ಹೆಸರು ಬದಲಾದುದು ಮರ್ಯಾದೆಯ ಮಾತು. ಆದರೆ ಮರ್ಯಾದೆ ನೆಲೆಯಾಗಬೇಕಾದರೆ ಹೆಸರಿನ ಹಿಂದೆ ಹಕ್ಕು ಬರಬೇಕು.

7

ಇದು ಲಂಕೆಯೊಂದರ ವಿಶೇಷವೆಂದು ತೋರಿದರೆ, ಅದೇ ಹಿಂದೂ ಮಹಾಸಾಗರದ ಇನ್ನೂ ಚಿಕ್ಕ ದ್ವೀಪಗಳನ್ನು ನೋಡಬಹುದು. ಮಾರಿಷಸ್ಸಿಗೂ 1834ರಿಂದ ಭಾರತದ ಕೂಲಿಗಾರರು ಹೋದರು. ತೋಟವೂ ಅದೇ ಬಗೆಯದು, ಸಾಮ್ರಾಜ್ಯವೂ ಅದೇ. 1968ರ ಮಾರ್ಚ್ 12ರಂದು ಅದು ಸ್ವತಂತ್ರವಾದಾಗ, ಅಲ್ಲಿ ಹುಟ್ಟಿದ್ದ ಬ್ರಿಟಿಷ್ ಪ್ರಜೆಗಳು ಪೌರರೆಂದು ಸಂವಿಧಾನ ಹೇಳಿತು. ಅಜ್ಜನ ಊರನ್ನು ಕೇಳಲಿಲ್ಲ. ಕೂಲಿಗಾರನು ಪರದೇಶಿಯಾಗುವುದು ಅವನ ಮೂಲದಿಂದಲ್ಲ, ಕಾಯಿದೆಯ ಒಂದು ವಾಕ್ಯದಿಂದ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಅದೇ ಮಾರಿಷಸ್ಸಿಗೆ ಸೇರಿದ್ದ ಚಾಗೋಸ್ ದ್ವೀಪಗಳಲ್ಲಿ ಇದರ ವಿಪರೀತವು ನಡೆಯಿತು. ಡಿಯೆಗೊ ಗಾರ್ಸಿಯದ ಸೈನ್ಯನೆಲೆಗಾಗಿ 1968ರಿಂದ 1973ರವರೆಗೆ ಒಂದೂವರೆ ಸಾವಿರಕ್ಕೂ ಮಿಕ್ಕ ಜನರನ್ನು ಮಾರಿಷಸ್ಸಿಗೂ ಸೆಶೆಲ್ಸಿಗೂ ಸಾಗಹಾಕಿದರು. ತಲೆಮಾರುಗಳಿಂದ ಇದ್ದವರನ್ನು ಕರಾರಿನ ಕೂಲಿಗಾರರೆಂದು ಕಾಗದದಲ್ಲಿ ಬರೆದುದರಿಂದ ಆ ಕೆಲಸ ಸುಲಭವಾಯಿತು. ಪ್ರತ್ಯೇಕಿಸಿದ ಕ್ರಮವು ನ್ಯಾಯಸಮ್ಮತವಲ್ಲವೆಂದು ಅಂತಾರಾಷ್ಟ್ರೀಯ ನ್ಯಾಯಾಲಯವು ಅಭಿಪ್ರಾಯ ಕೊಟ್ಟುದು 2019ರಲ್ಲಿ. ಶಾಂತಸಾಗರದ ಟುವಾಲುವಿನಲ್ಲಿ ಕಡಲೇ ಮೇಲೇರುತ್ತಿದೆ. ಆ ಚಿಕ್ಕ ರಾಷ್ಟ್ರವು 2023ರಲ್ಲಿ ತನ್ನ ಸಂವಿಧಾನವನ್ನು ತಿದ್ದಿ, ನೆಲ ಮುಳುಗಿದರೂ ತನ್ನ ರಾಷ್ಟ್ರತ್ವ ಅಳಿಯದೆಂದು ಬರೆದುಕೊಂಡಿತು; ವರ್ಷಕ್ಕೆ 280 ಜನರಿಗೆ ನೆಲಸಲು ಅವಕಾಶ ಕೊಡುವ ಒಪ್ಪಂದವನ್ನು ಆಸ್ಟ್ರೇಲಿಯದೊಡನೆ ಮಾಡಿಕೊಂಡಿತು. ಕಾಲಿಡಲು ನೆಲ ಉಳಿಯದಿರಬಹುದಾದ ಜನ ಮೊದಲು ಭದ್ರಪಡಿಸಿಕೊಂಡುದು ಒಂದು ವಾಕ್ಯವನ್ನು. ಅವರಿಗೆ ಈ ವಿಷಯದ ಮರ್ಮ ತಿಳಿದಿದೆ.

8

ಇಲ್ಲಿ ಒಂದು ಆಕ್ಷೇಪ ಬರಬಹುದು. ಹಂಬಲವು ಹೃದಯದ ವಿಷಯ, ನೆಲೆಯು ಕಾಯಿದೆಯ ವಿಷಯ. ಸಾಹಿತ್ಯಕ್ಕೆ ಸಂಬಂಧಪಟ್ಟುದು ಮೊದಲನೆಯದು ಮಾತ್ರವಲ್ಲವೆ? ಚೆನ್ನೈಯ ಕನ್ನಡಿಗನ ಕೊರಗು ಸುಳ್ಳೆ? ಸುಳ್ಳಲ್ಲ. ಮಕ್ಕಳ ಬಾಯಲ್ಲಿ ಕನ್ನಡ ತೆಳುವಾಗುವುದು, ಕನ್ನಡ ಶಾಲೆಯಲ್ಲಿ ಮಕ್ಕಳಿಲ್ಲದಂತಾಗುವುದು ನಿಜವಾದ ನಷ್ಟಗಳು. ಆದರೆ ಆ ಕೊರಗಿಗೆ ಹೋಗಿ ಮುಟ್ಟಲು ಒಂದು ವಿಳಾಸವಿದೆ. ಸಂವಿಧಾನದ 29, 30ನೆಯ ವಿಧಿಗಳಿವೆ. ಮಾತೃಭಾಷೆಯ ಪ್ರಾಥಮಿಕ ಶಿಕ್ಷಣವನ್ನು ಕುರಿತ 350ಎ ವಿಧಿಯಿದೆ. ಭಾಷಾ ಅಲ್ಪಸಂಖ್ಯಾತರ ಕಮಿಷನರಿದ್ದಾರೆ. ಅಹವಾಲು ಫಲಿಸದಿರಬಹುದು, ಅಹವಾಲು ಹೇಳುವ ಅಧಿಕಾರವನ್ನು ಯಾರೂ ಪ್ರಶ್ನಿಸಲಾರರು. ಪರದೇಶಿಯ ಎರಡನೆಯ ಅರ್ಥ, ಕೇಳುವವರಿಲ್ಲದವನು ಎಂಬುದು, ಈ ಕನ್ನಡಿಗನಿಗೆ ಸಲ್ಲುವುದಿಲ್ಲ.

ಆದುದರಿಂದ ಹೊರನಾಡ ಕನ್ನಡದ ವಿಮರ್ಶೆ ಮಾಡಬೇಕಾದ ಕೆಲಸಗಳು ಎರಡು. ಮೊದಲನೆಯದು, ಶಬ್ದಗಳನ್ನು ಅಳೆದು ಬಳಸುವುದು. ಆಶ್ರಯವನ್ನು ಬೇಡಿ ಬಂದವನನ್ನು ಕನ್ನಡ ಪತ್ರಿಕೆಗಳು ‘ನಿರಾಶ್ರಿತ’ ಎನ್ನುತ್ತವೆ. ಆಶ್ರಯವಿಲ್ಲದಿರುವುದು ಅವನು ಬಂದ ದಿನದ ಸ್ಥಿತಿ. ನಲವತ್ತು ವರ್ಷಗಳ ಮೇಲೆಯೂ ಅದೇ ಹೆಸರು ಉಳಿದಿದ್ದರೆ, ಆ ಹೆಸರು ಅವನನ್ನಲ್ಲ, ಆಶ್ರಯ ಕೊಟ್ಟವರನ್ನು ವರ್ಣಿಸುತ್ತದೆ. ‘ಆಶ್ರಯಾರ್ಥಿ’ ಎಂಬುದು ಹೆಚ್ಚು ಸರಿಯಾದ ಮಾತು. ಯಾವ ದೇಶವೂ ತನ್ನವನೆಂದು ಒಪ್ಪದವನಿಗೆ ‘ನಾಡಿಲ್ಲದವನು’ ಎಂಬ ಅಚ್ಚಗನ್ನಡದ ಮಾತು ಸಾಕು. ಎರಡನೆಯದು, ಸುಳ್ಯ ಪುತ್ತೂರುಗಳ ರಬ್ಬರು ತೋಟಗಳಲ್ಲಿ ತಮಿಳು, ತುಳು, ಕನ್ನಡ ಮೂರನ್ನೂ ಆಡಿ ಬೆಳೆದ ತಲೆಮಾರಿನ ನೆನಪುಗಳನ್ನು ಕೇಳಿ ಬರೆದಿಡುವುದು. ಒಪ್ಪಂದದ ಹಡಗಿನಲ್ಲಿ ಬಂದವರು ವೃದ್ಧರಾಗಿದ್ದಾರೆ, ತಡಮಾಡಲು ಕಾಲವಿಲ್ಲ. ತಮಿಳು ಬಲ್ಲ ಕನ್ನಡ ವಿದ್ವಾಂಸರು ಚೆನ್ನೈಯಲ್ಲಿರುವಷ್ಟು ಬೇರೆ ಕಡೆ ಇರಲಾರರು. ಈ ಕೆಲಸವು ನ್ಯಾಯವಾಗಿ ಅವರ ಪಾಲಿಗೆ ಬರುತ್ತದೆ.

ಬನವಾಸಿಯನ್ನು ನೆನೆಯುವುದು ತಪ್ಪಲ್ಲ. ಆದರೆ ಹಾಗೆ ನೆನೆಯುವವನ ಕೈಯಲ್ಲಿ ಧರ್ಮಪುರದ ದತ್ತಿಪತ್ರವಿದ್ದಿತೆಂಬುದನ್ನೂ ನೆನೆಯಬೇಕು. ಆರ್ಕಾಟು ರಸ್ತೆಯಲ್ಲಿ ಆ ಪತ್ರವಿಲ್ಲದವರೂ ನಡೆದಾಡುತ್ತಿದ್ದಾರೆ.